ಗಟ್ಟಿಯಾಗದ ನೆಲ

“ಇದ್ಯಾಕ ಇನ್ನಾ ಗಟ್ಟಿ ಆಗಿಲ್ಲ?”

ನೆಲದ ಕೆಲಸಕ್ಕೆ ಬಂದಿದ್ದ ಇರ್ಫಾನ ಯಾರನ್ನೂ ಕೇಳಿರಲಿಲ್ಲ. ಗ್ಯಾರೇಜಿನ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ನೆಲದ ಹೊಸ ತೇಪೆಯ ಮೇಲೆ ಹೆಬ್ಬೆರಳೊತ್ತಿ, ಎತ್ತಿದ ಬೆರಳಿಗೇ ಹೇಳಿಕೊಂಡಂತಿತ್ತು. ಕಾಂಕ್ರೀಟಿನ ಮೇಲೆ ಬೆರಳಿನ ಗುರುತು ಉಳಿದಿತ್ತು, ನಾದಿದ ಹಿಟ್ಟಿನ ಮೇಲೆ ಉಳಿದ ಹಾಗೆ.

ಸಬ್ ಇನ್‌ಸ್ಪೆಕ್ಟರ್ ಸಪನಾ ಆ ಗುರುತು ನೋಡಿದಳು. ಆಮೇಲೆ ಗ್ಯಾರೇಜಿನ ಮಾಲೀಕ ಗೋರಖನಾಥನ ಮುಖ ನೋಡಿದಳು. ಅವನು ಗೇಟಿನ ಕಡೆ ನೋಡುತ್ತಿದ್ದ.

ಗೇಟಿನಾಚೆ ಬೇವಿನ ಮರದ ಕೆಳಗೆ ಆಬೇದಾ ಕೂತಿದ್ದಳು. ಅವಳ ಮಗ ಮುಸ್ತಕೀಮ ಈ ಗ್ಯಾರೇಜಿನ ಅರ್ಧ ಪಾಲುದಾರ. ಅವನು ಕಾಣೆಯಾಗಿ ವಾರವಾಗಿತ್ತು. ಕಾಣೆಯಾದ ಹಿಂದಿನ ಸಂಜೆ ಪಾಲುದಾರರಿಬ್ಬರೂ ಜಗಳಾಡಿದ್ದನ್ನು ಬೀದರಿನ ಕೊಳಾರ ಇಂಡಸ್ಟ್ರಿಯಲ್ ಏರಿಯಾದ ಅಕ್ಕಪಕ್ಕದ ಶೆಡ್ಡಿನವರೆಲ್ಲ ಕೇಳಿದ್ದರು. ಬೆಳಗಾದಾಗ ಮುಸ್ತಕೀಮ ಇರಲಿಲ್ಲ. ಈ ಮೂಲೆಯಲ್ಲಿ ಮಾತ್ರ, ಒಬ್ಬ ಮನುಷ್ಯ ಮುದುರಿ ಮಲಗುವಷ್ಟು ಅಗಲದ ಹೊಸ ತೇಪೆ ಇತ್ತು.

ಇವತ್ತು ಸಾಕ್ಷಿಗೆ ಕರೆಸಿದ ಪಂಚರ ಎದುರು ಅದನ್ನು ಒಡೆದು ನೋಡುವುದಿತ್ತು.

“ಖಾಲಾ, ನೀವು ಹೊರಗ ಕೂಡ್ರಿ,” ಅಂದಿದ್ದಳು ಸಪನಾ ಬೆಳಿಗ್ಗೆ.

ಆಬೇದಾ ಹೋಗಿ ಮರದ ಕೆಳಗೆ ಕೂತಿದ್ದಳು. ಕೈಯ ಜಪಮಣಿ ಒಂದೊಂದಾಗಿ ಸರಿಯುತ್ತಿತ್ತು. ಅವಳನ್ನು ತಂದು ಬಿಟ್ಟವನು ಅಳಿಯ ಖಾಲಿದ. ಗಾಂಧಿ ಗಂಜಿನ ಮಾರುಕಟ್ಟೆಗೆ ತೊಗರಿ ಚೀಲ ಸಾಗಿಸುವ ಅವನ ಬಿಳಿ ಪಿಕಪ್ಪು ಮಂಜಿನಲ್ಲಿ ಲೈಟು ಹಚ್ಚಿಕೊಂಡೇ ಬಂದಿತ್ತು. ಗಾಡಿಯ ಒಂದು ಕಣ್ಣು ಮಬ್ಬು ಹಳದಿ, ಇನ್ನೊಂದು ನೀರಿನಂತೆ ತಿಳಿ. “ಏನಾರ ಗೊತ್ತಾದ್ರ ಫೋನ್ ಮಾಡ್ರಿ ಮೇಡಂ, ಗಂಜಿನ್ಯಾಗ ಗಾಡಿ ಖಾಲಿ ಮಾಡ್ಬೇಕು,” ಎಂದು ಕೆಳಗೂ ಇಳಿಯದೆ ಹೊರಟುಹೋಗಿದ್ದ.

“ಥಂಡಿಗೆ ಹಿಂಗ ಆಗಿರ್ಬೇಕ್ರಿ,” ಅಂದ ಇರ್ಫಾನ. “ಥಂಡಿಯೊಳಗ ಸಿಮೆಂಟ್ ತಡಾ ಹಿಡಿತದ. ಇಲ್ಲಾಂದ್ರ ಸಿಮೆಂಟೇ ಹಳೇದು.”

ಇರ್ಫಾನನನ್ನು ನೆಲಕ್ಕೆ ಹೊಸ ಬಣ್ಣ ಹಚ್ಚಲು ಕರೆಸಿದವನು ಗೋರಖನಾಥನೇ. ಗ್ಯಾರೇಜಿನ ನೆಲ ಹದಗೆಟ್ಟು ವರ್ಷಗಳಾಗಿದ್ದವು. ಬಿಸಿ ಟಾಯರು ನಿಂತಲ್ಲೆಲ್ಲ ಹಳೆಯ ಬಣ್ಣ ಸುಲಿದಿತ್ತು. ಜಾಕು ಊರಿದಲ್ಲಿ ಕುಳಿ ಬಿದ್ದಿದ್ದವು. ಬಾಗಿಲಿನಿಂದ ಒಳಗಿನ ತನಕ ಒಂದು ಬಿರುಕು ಒಣಗಿದ ಹಳ್ಳದ ಹಾಗೆ ಹರಿದಿತ್ತು. ಇರ್ಫಾನ ಆ ತುದಿಯಿಂದ ಶುರುಮಾಡಿದ್ದ. ಸೋಡಾ ಹಾಕಿ ಎಣ್ಣೆ ತಿಕ್ಕಿದ್ದ, ಮಷಿನ್ನಿನಿಂದ ಹಳೆಯ ಬಣ್ಣ ಹೆರೆದಿದ್ದ, ಬಿರುಕನ್ನು ಅಗಲ ಮಾಡಿ ಧೂಳು ಊದಿ ರಿಪೇರಿ ಸಿಮೆಂಟಿನ ಮಸಾಲೆ ತುಂಬಿದ್ದ. ಹೆರೆದ ನೆಲ ಈಗ ಹೊಸದಾಗಿ ಬೋಳಿಸಿದ ತಲೆಯಂತೆ ಬೂದುಬಣ್ಣಕ್ಕೆ ಮಿಂಚುತ್ತಿತ್ತು.

“ಬಣ್ಣ ಹಚ್ಚೂದು ಕಡೀ ಕೆಲಸ್ರಿ,” ಅಂದ ಅವನು. “ಮೊದಲ ನೆಲದ ಸುಳ್ಳೆಲ್ಲ ತೆಗೀಬೇಕು. ಎಣ್ಣಿ ಕುಡದ ಕಾಂಕ್ರೀಟ್ ಮ್ಯಾಲ ಏನ್ ಹಚ್ಚಿದ್ರೂ ಹಪ್ಪಳ ಎದ್ದಂಗ ಏಳ್ತದ.”

“ನಮ್ಮ ಠಾಣಾದಾಗೂ ಇದೇ ಕೆಲಸ ನೋಡಪ್ಪ,” ಅಂದ ಕಾನ್‌ಸ್ಟೇಬಲ್ ಜಾವೀದ. “ನಿನಗ ಕಡೀಕ ಬಣ್ಣಾರ ಹಚ್ಚೂ ಖುಷಿ ಅದ. ನಮಗ ಅದೂ ಇಲ್ಲ.”

ಯಾರೂ ನಗಲಿಲ್ಲ.

ನಿನ್ನೆ ಸಂಜೆ ಇರ್ಫಾನ ಪಸೆ ನೋಡಲೆಂದು ನೆಲದ ಅಲ್ಲಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಸುತ್ತ ಟೇಪು ಅಂಟಿಸಿದ್ದ. ಬೇರೆಡೆಯ ಹಾಳೆಗಳು ಒಣಗಿದ್ದವು. ಈ ತೇಪೆಯ ಮೇಲಿನದರಲ್ಲಿ ಮಾತ್ರ ಒಳಗಡೆ ಹನಿ ಕಟ್ಟಿತ್ತು.

ಅವನು ಸುತ್ತಿಗೆಯ ಕಾವಿನಿಂದ ನೆಲ ಬಡಿಯುತ್ತ ಬಂದ. ಸಪನಾ ಕಣ್ಣು ಮುಚ್ಚಿದಳು. ಔರಾದ ತಾಲೂಕಿನ ಚಿಂತಾಕಿಯ ಮನೆಯಲ್ಲಿ, ದಿನಾ ಸಂಜೆ ತಂದೆ ಹೇಳುವ ಬುದ್ಧವಂದನೆ ಕೇಳುತ್ತ ಬೆಳೆದವಳು ಅವಳು. ಯಾರಾದರೂ ಒಂದು ಅಕ್ಷರ ನುಂಗಿದರೆ ಅರ್ಥಕ್ಕಿಂತ ಮೊದಲು ಅವಳ ಕಿವಿಗೆ ಅದು ಸಿಗುತ್ತಿತ್ತು. ಟಣ್, ಟಣ್, ಟಣ್ ಅನ್ನುತ್ತ ಬಂದ ನೆಲ ಮೂಲೆಗೆ ಬಂದಾಗ ಬದ್ ಅಂದಿತು. ನೆಲ ಇಲ್ಲಿ ಅಕ್ಷರ ನುಂಗಿತ್ತು.

“ಗೋರಖನಾಥ,” ಅಂದಳು ಕಣ್ಣು ತೆರೆದು. “ಒಡಿಯೂಕಿಂತ ಮೊದಲ ಏನಾರ ಹೇಳೂದದೇನು?”

“ಹೇಳಿದ್ದೇ ಹೇಳ್ತೇನ್ರಿ ಮೇಡಂ.” ಅವನ ದನಿ ಒಣಗಿತ್ತು. “ನೆಲಕ್ಕ ಈಗ ಕೈ ಹಚ್ಚಬ್ಯಾಡ, ಸ್ವಲ್ಪ ತಡಿ ಅಂದ ಅಂವ. ಹಚ್ಚೇ ಹಚ್ತೇನಿ ಅಂದೆ ನಾ. ಕಾಲರ್ ಹಿಡದೆ, ಖರೇ. ಅದರಕಿಂತ ಹೆಚ್ಚಿಗಿ ಏನೂ ಮಾಡಿಲ್ರಿ.”

“ಯಾಕ ತಡಿ ಅಂದ?”

“ಅದನ್ನೇ ಹೇಳ್ಲಿಲ್ಲ. ಸಾಲಿಯಿಂದ ದೋಸ್ತ್ ಇದ್ದೇವ್ರಿ. ಎಂದೂ ನನ್ನಿಂದ ಏನೂ ಮುಚ್ಚಿಟ್ಟಾಂವ ಅಲ್ಲ. ಅದಕ್ಕೇ ಸಿಟ್ಟು ಬಂತು.”

“ಈ ತೇಪಿ?”

“ಮುಂಜಾನಿ ಬಾಗಿಲ ತೆಗದಾಗ ಇತ್ರಿ. ಅದರ ಕೆಳಗ ಮೊದಲ ಗಾಡಿ ಎತ್ತೂ ಹಳೇ ಲಿಫ್ಟ್ ಕಿತ್ತಿದ್ದ ಗುಂಡಿ ಇತ್ತು, ಮ್ಯಾಲ ತಗಡಿನ ಪತ್ರಾ ಮುಚ್ಚಿತ್ತು. ಯಾರು ತುಂಬ್ಯಾರ ಗೊತ್ತಿಲ್ಲ.”

“ಬೀಗದ ಕೈ ಇಬ್ಬರದೇ ಹತ್ರ ಇತ್ತು. ನಿನ್ನ ಹತ್ರ, ಅವನ ಹತ್ರ.”

“ಹೂನ್ರಿ.”

“ಒಳಗ ಅಂವ ಸಿಕ್ಕರ ನೀ ನನ್ನ ಜೋಡಿ ಠಾಣಾಕ ಬರ್ತಿ. ಗೊತ್ತದಲ್ಲ?”

“ಒಳಗ ಅಂವ ಸಿಕ್ಕರ,” ಅಂದ ಗೋರಖನಾಥ ಆಬೇದಾಳತ್ತ ನೋಡುತ್ತ, “ನೀವು ಎಲ್ಲಿಗಿ ಒಯ್ದರೂ ಆಗ್ತದ್ರಿ. ಮೊದಲ ಅಮ್ಮಿಗಿ ಯಾರ್ ಹೇಳ್ತೀರಿ ಅದನ್ನ ಹೇಳ್ರಿ.”

ಇರ್ಫಾನ ಉಳಿ ಇಟ್ಟು ಸುತ್ತಿಗೆ ಎತ್ತಿದ. ಒಂದೇ ಏಟು. ಉಳಿ ಕಾಂಕ್ರೀಟಿಗೆ ತಾಗಿದ ಸದ್ದೇ ಬರಲಿಲ್ಲ, ಒದ್ದೆ ಮಣ್ಣಿಗೆ ಇಳಿದಂತೆ ಇಳಿದುಹೋಯಿತು.

“ಇದು ಸಿಮೆಂಟಾ, ಉಂಡಿಯಾ?” ಅಂದುಕೊಂಡ ಅವನು.

ಉಳಿ ಬಿಟ್ಟು ಸಲಿಕೆ ಹಿಡಿದ. ಬೂದು ಹೆಂಟೆಗಳು ಬೆರಳಲ್ಲಿ ಹಿಚುಕಿದರೆ ಪುಡಿಯಾಗುತ್ತಿದ್ದವು. ಅಂಗೈ ಉದ್ದ ಇಳಿದಾಗ ನೀಲಿ ಪ್ಲಾಸ್ಟಿಕ್ ತಾಡಪತ್ರಿಯ ಮೂಲೆ ಕಾಣಿಸಿತು.

ಇರ್ಫಾನ ಸಲಿಕೆ ಕೆಳಗಿಟ್ಟ. ಪಂಚರಲ್ಲಿ ಒಬ್ಬ ಟೋಪಿ ತೆಗೆದ. ಗೋರಖನಾಥ ಗೋಡೆಗೆ ಬೆನ್ನು ಕೊಟ್ಟು ನಿಂತ. ಒಳಗಿನ ಸದ್ದು ನಿಂತದ್ದೇ ಗೇಟಿನಾಚೆ ಆಬೇದಾ ಎದ್ದು ನಿಂತಳು. ಜಪಮಣಿ ನಿಂತಿತ್ತು.

ಜಾವೀದ ಮೊಣಕಾಲೂರಿ ಗುಂಡಿಗೆ ಎರಡೂ ಕೈ ಇಳಿಸಿದ. ತಾಡಪತ್ರಿ ಹಿಡಿದು ಬಲ ಹಾಕಿ ಎಳೆದ. ಬಲ ಹೆಚ್ಚಾಯಿತು. ಗಂಟು ಸರ್ರನೆ ಬಂದು, ಅವನು ಹಿಂದಕ್ಕೆ ಅಂಗಾತ ಬಿದ್ದ.

“ಮೇಡಂ!” ಅಂದ ಬಿದ್ದಲ್ಲಿಂದಲೇ. “ಹಗುರ ಅದ್ರಿ! ಭಾಳ ಹಗುರ ಅದ!”

ಸಪನಾ ಗಂಟು ಬಿಚ್ಚಿದಳು. ಒಳಗೆ ಒಡೆದ ಹೆಡ್‌ಲೈಟು. ಅದರ ಜೊತೆ ಬಂಪರಿನ ಒಂದು ತುಂಡು, ಬಿಳಿ ಬಣ್ಣದ್ದು. ಇನ್ನೇನಿಲ್ಲ.

ಇರ್ಫಾನ ಹಾರೆ ತೆಗೆದುಕೊಂಡು ಗುಂಡಿಯ ತಳ ಕುಟ್ಟಿದ. ತಳದಲ್ಲಿ ಬೀದರಿನ ಕೆಂಪು ಮುರುಮಿನ ಗಟ್ಟಿ ನೆಲ, ಎಂದೂ ಯಾರೂ ಮುಟ್ಟದ್ದು. ಹಾರೆ ಟಣ್ ಎಂದು ಪುಟಿದು ಬಂತು. ಅಷ್ಟು ಚೆಂದದ ಸದ್ದನ್ನು ಸಪನಾ ಆ ವಾರದಲ್ಲಿ ಕೇಳಿರಲಿಲ್ಲ.

ಅವಳು ಗೇಟಿನ ತನಕ ಓಡಿಯೇ ಹೋದಳು.

“ಯಾರೂ ಇಲ್ಲ ಖಾಲಾ. ಅಲ್ಲಿ ಯಾರೂ ಇಲ್ಲ.”

ಆಬೇದಾ ಗೇಟಿನ ಸರಳು ಹಿಡಿದಳು. ಸರಳಿಗೇ ಹಣೆ ಹಚ್ಚಿದಳು. ಹಿಂದಿನಿಂದ ವಿಚಿತ್ರ ಸದ್ದು ಕೇಳಿ ಸಪನಾ ತಿರುಗಿದಳು. ಗೋರಖನಾಥ ನೆಲದ ಮೇಲೆ ಕಾಲು ಚಾಚಿ ಕೂತು, ಹೆರೆದ ಧೂಳಲ್ಲೇ ಅಂಗೈ ಬಡಿಯುತ್ತ, ಅಳುತ್ತಿದ್ದನೋ ನಗುತ್ತಿದ್ದನೋ ತಿಳಿಯುತ್ತಿರಲಿಲ್ಲ.

ಜಾವೀದ ಚಹಾ ತರಿಸಿದ. ಆಬೇದಾ ಒಳಗೆ ಬಂದು ಒಂದು ಹಳೆಯ ಟಾಯರಿನ ಮೇಲೆ ಕೂತು, ತಟ್ಟೆಗೆ ಸುರಿದುಕೊಂಡು ಕುಡಿದಳು.

ಸಪನಾ ಮಾತ್ರ ಗುಂಡಿಯ ಹತ್ತಿರ ಬಗ್ಗಿ ನಿಂತಿದ್ದಳು. ಒಡೆದ ಹೆಡ್‌ಲೈಟಿನಲ್ಲಿ ಅರ್ಧಚಂದ್ರಾಕಾರದ ಒಂದು ಚೂರು ಕಮ್ಮಿಯಿತ್ತು. ಅಂಥದೇ ಚೂರು ಅವಳ ಠಾಣೆಯ ಕಪಾಟಿನಲ್ಲಿತ್ತು. ಮುಸ್ತಕೀಮ ಕಾಣೆಯಾಗುವ ಕೆಲವೇ ದಿನ ಮೊದಲು ಔರಾದ ರಸ್ತೆಯಲ್ಲಿ, ಅವಳದೇ ಊರಿನ ಶಾಲುಬಾಯಿಯನ್ನು ಯಾವುದೋ ಗಾಡಿ ಮಂಜಿನಲ್ಲಿ ಗುದ್ದಿ ನಿಲ್ಲದೆ ಹೋಗಿತ್ತು. ಆ ಚೂರು ಸಿಕ್ಕಿದ್ದು ಅಲ್ಲೇ. ಶಾಲುಬಾಯಿ ಉಳಿದಿದ್ದಳು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ನರ್ಸುಗಳಿಗೆಲ್ಲ ಜೋರು ಮಾಡುತ್ತಿದ್ದಳು. ಗುದ್ದಿದ ಗಾಡಿ ಮಾತ್ರ ಸಿಕ್ಕಿರಲಿಲ್ಲ.

ಜಾವೀದನನ್ನು ಬೈಕಿನಲ್ಲಿ ಠಾಣೆಗೆ ಅಟ್ಟಿದಳು. ಅವನು ಚೂರು ತಂದ. ಹೆಡ್‌ಲೈಟಿನ ಬಾಯಿಗೆ ಹಿಡಿದರೆ, ಮುರಿದ ಬಳೆಯ ಎರಡು ತುಂಡಿನ ಹಾಗೆ ಕೂತುಕೊಂಡಿತು.

ಎರಡು ಕೇಸು ಒಂದೇ ಗುಂಡಿಯಲ್ಲಿ. ಇದನ್ನು ಇಲ್ಲಿ ಹುಗಿದವರು ಯಾರು?

ಆಗ ಅವಳ ಕಣ್ಣು ನೆಲದ ಮೇಲೆ ಹೋಯಿತು. ಗೋಡೆಯ ಬಿರುಕಿನಿಂದ ಹೊರಟ ಇರುವೆಗಳ ಸಾಲೊಂದು, ಇರ್ಫಾನ ಹೆರೆದು ಗುಡಿಸಿದ ಸ್ವಚ್ಛ ನೆಲದ ಮೇಲೆ ನೆಟ್ಟಗೆ ಬಂದು, ಅಗೆದ ಹೆಂಟೆಗಳ ರಾಶಿಗೆ ಏರುತ್ತಿತ್ತು.

“ಇರ್ಫಾನ, ಸಿಮೆಂಟಿಗಿ ಇರುವಿ ಹತ್ತತಾವೇನು?”

“ಸಿಮೆಂಟಿಗಿ? ಛೆ. ಇರುವಿಗಿ ಏನ್ ಹುಚ್ಚ ಹಿಡದದ್ರಿ?”

ಸಪನಾ ಒಂದು ಹೆಂಟೆ ಒಡೆದು ಮೂಸಿದಳು. ಸಿಮೆಂಟಿನ ಕಟು ವಾಸನೆಯ ಕೆಳಗೆ ಇನ್ನೊಂದು ವಾಸನೆ ಅಡಗಿತ್ತು. ಪುಡಿಯಲ್ಲಿ ಹಸಿರು ಬಣ್ಣದ ಸಣ್ಣ ಕಾಳೊಂದು ಸಿಕ್ಕಿತು. ಇನ್ನೊಂದು. ಅಂಗೈಯಲ್ಲಿಟ್ಟು ಜಾವೀದನಿಗೆ ತೋರಿಸಿದಳು.

“ಬಡೇಸೋಪು!” ಅಂದ ಅವನು. “ಹೋಟೆಲ್‌ದಾಗ ಊಟ ಆದಮ್ಯಾಲ ಕೊಡ್ತಾರಲ್ಲ, ಅದು. ಕಾಂಕ್ರೀಟಿಗಿ ಅಜೀರ್ಣ ಆಗಿತ್ತೇನ್ರಿ?”

ಟಾಯರಿನ ಮೇಲೆ ಕೂತಿದ್ದ ಆಬೇದಾ ತಲೆ ಎತ್ತಿದಳು. “ಇಲ್ಲಿ ತಾ ಬೇಟಿ.”

ಸಪನಾ ಹೆಂಟೆ ಕೊಟ್ಟಳು. ಆಬೇದಾ ಅದನ್ನು ಮೂಗಿಗೆ ಹಿಡಿದಳು. ಬೆರಳಲ್ಲಿ ತಿಕ್ಕಿದಳು. ಆಮೇಲೆ, ಎಲ್ಲರೂ ನೋಡುತ್ತಿದ್ದಂತೆ, ಒಂದು ಚೂರು ನಾಲಿಗೆಗೆ ಹಚ್ಚಿಕೊಂಡು ಥೂ ಎಂದು ಉಗಿದು, ಸೆರಗಿನಿಂದ ಮುಖ ಮುಚ್ಚಿಕೊಂಡಳು. ಭುಜ ಕುಣಿಯುತ್ತಿದ್ದವು.

“ಖಾಲಾ? ಏನಾತು ಖಾಲಾ?”

ಸೆರಗು ಸರಿಸಿದಾಗ ಅವಳು ನಗುತ್ತಿದ್ದಳು. ಕಣ್ಣೀರು ಗಲ್ಲದ ಮೇಲಿತ್ತು.

“ಗಧೇಡಾ,” ಅಂದಳು. “ನನ್ನ ಮಗ ಕತ್ತೆ! ಸಿಮೆಂಟಿಗಿ ಬೆಲ್ಲ ಹಾಕ್ಯಾನ!”

“ಬೆಲ್ಲ?”

“ನಮ್ಮ ಮಾವ ಗಚ್ಚಿನ ಕೆಲಸದಾಂವ ಬೇಟಿ. ಹಳೇ ಗುಂಬಜಗೋಳು ರಿಪೇರಿ ಮಾಡ್ತಿದ್ದ. ಸುಣ್ಣ ಕಲಸೂ ನೀರಿಗಿ ಬೆಲ್ಲ ಹಾಕ್ತಿದ್ದ. ಸುಣ್ಣಕ್ಕ ಬೆಲ್ಲ ಕುಡಿಸಿದ್ರ ಕಲ್ಲಾಗ್ತದ. ಇಂವ ಸಣ್ಣಾಂವ ಇದ್ದಾಗ ಅಜ್ಜನ ಹಿಂದ ಕುಂತು ನೋಡ್ತಿದ್ದ. ಸಿಮೆಂಟಿಗೂ ಅದೇ ಹಾಕಬೇಕು ಅಂತ ತಲಿಯಾಗ ಕುಂತುಬಿಟ್ಟದ.”

ಗೋರಖನಾಥ ದಡಕ್ಕನೆ ಎದ್ದ. “ಅಮ್ಮಿ! ಮೆಟ್ಟಲಾ!”

“ಹೂಂ, ಮೆಟ್ಟಲಾ,” ಅಂದಳು ಆಬೇದಾ. “ನಮ್ಮ ಮನಿ ಮುಂದಿನ ಮೆಟ್ಟಲಾ ಕಟ್ಟ್ಯಾನ ಹಿಂಗೇ ಬೆಲ್ಲ ಹಾಕಿ. ಇಂದಿಗೂ ಉದರ್ತದ. ನಾ ದಾಟೇ ಇಳಿತೇನಿ.”

“ಎಷ್ಟ ಹೇಳಿದ್ರೂ ಕೇಳಲ್ರಿ ಮೇಡಂ ಅಂವ!” ಗೋರಖನಾಥ ಈಗ ಕೈ ಬೀಸಿ ಮಾತಾಡುತ್ತಿದ್ದ. “ಸಿಮೆಂಟಿಗಿ ಸಿಹಿ ಆಗಿಬರಲ್ಲೋ, ಹಿಡಿಯೂದೇ ಇಲ್ಲ ಅಂದ್ರ, ‘ನಿನಗೇನ್ ಗೊತ್ತು, ನಮ್ಮಜ್ಜನ ಕೆಲಸ ನೂರಾರು ವರ್ಷ ನಿಲ್ತದ’ ಅಂತಾನ. ಮೆಟ್ಟಲಾ ಉದುರಿದ್ದಕ್ಕ ಬೆಲ್ಲ ಕಮ್ಮಿ ಆಗಿತ್ತು ಅಂದ ನೋಡ್ರಿ!”

ಇರ್ಫಾನ ಗುಂಡಿಯ ದಂಡೆಯಲ್ಲಿ ಹಣೆ ಬಡಿದುಕೊಂಡ. “ನಾ ಥಂಡಿ ಅಂತೇನಿ, ಹಳೇ ಸಿಮೆಂಟ್ ಅಂತೇನಿ. ಇದು ಶೀರಾ!”

ಸಪನಾ ನಗಲಿಲ್ಲ. ಅವಳ ಒಳಗೆ ಏನೋ ಒಂದು ಕೊಂಡಿ ಟಕ್ಕೆಂದು ಕೂತಿತ್ತು. ಎದುರು ಮೂಲೆಯಲ್ಲಿ, ಜಗಳಕ್ಕೆ ಮೊದಲೇ ತಂದಿಟ್ಟ ಇರ್ಫಾನನ ರಿಪೇರಿ ಮಸಾಲೆಯ ಚೀಲಗಳು ಸಾಲಾಗಿ ಇದ್ದವು. ಗುಂಡಿ ಮುಚ್ಚುವ ಅವಸರವಿದ್ದ ಬೇರೆ ಯಾರೇ ಆದರೂ ಅದರಲ್ಲಿ ಒಂದನ್ನು ಕಲಸಿ ಸುರಿಯುತ್ತಿದ್ದರು, ಸಂಜೆಯೊಳಗೆ ಅದು ಕಲ್ಲಾಗುತ್ತಿತ್ತು. ಇರ್ಫಾನ ಅದರ ಮೇಲೆ ಮಷಿನ್ ಓಡಿಸಿ, ಬಣ್ಣ ಹಚ್ಚಿ ಹೋಗುತ್ತಿದ್ದ. ಇದನ್ನು ಮುಚ್ಚಿದವನಿಗೆ ಅಷ್ಟು ಸಾಲದಾಗಿತ್ತು. ಯಾರೂ ಎಂದೂ ಒಡೆಯಬಾರದು, ಗುಂಬಜದ ಹಾಗೆ ನಿಲ್ಲಬೇಕು ಅನಿಸಿತ್ತು. ಆ ಆಸೆಯೇ ಅದನ್ನು ಗಟ್ಟಿಯಾಗಗೊಡಲಿಲ್ಲ.

“ಅಂದ್ರ ಈ ತೇಪಿ ಹಾಕಿದಾಂವ ಮುಸ್ತಕೀಮನೇ,” ಅಂದಳು. “ಜಗಳ ಆದಮ್ಯಾಲ ಬಂದು ಹಾಕ್ಯಾನ. ಕೆಳಗ ಮಲಗಿದಾಂವ ಮ್ಯಾಲ ತೇಪಿ ಹಾಕಲ್ಲ ಖಾಲಾ. ನಿಮ್ಮ ಮಗ ಇಲ್ಲಿಂದ ತನ್ನ ಕಾಲ ಮ್ಯಾಲ ನಡಕೊಂಡು ಹೋಗ್ಯಾನ.”

ಆಬೇದಾ ಕಣ್ಣು ಮುಚ್ಚಿದಳು. ಜಪಮಣಿ ಮತ್ತೆ ಸರಿಯತೊಡಗಿತು, ಈ ಸಲ ಮೆಲ್ಲಗೆ.

“ಖಾಲಾ, ಬೆಲ್ಲದಾಗ ಬಡೇಸೋಪು ಹಾಕೂದು ಯಾರು?”

“ಕಾಶೀರಾಮ,” ಅಂದಳು ಆಬೇದಾ, ಕಣ್ಣು ತೆರೆಯದೆಯೇ. “ಭಾಲ್ಕಿ ಹತ್ತರ ಗಾಣ ಅದ ಅವಂದು. ಸೀಜನ್ ಬಂದ್ರ ಗಾಣದ ಇಂಜಿನ್ ನನ್ನ ಮಗನೇ ನೋಡ್ಬೇಕು. ಬರ್ತಾ ಬೆಲ್ಲ ಕೊಟ್ಟು ಕಳಸ್ತಾನ.” ಆಮೇಲೆ ಒಮ್ಮೆಲೇ ಕಣ್ಣು ತೆರೆದಳು. “ಈಗ ಸೀಜನ್ನೇ ಅದಲ್ಲ ಬೇಟಿ!”

ಸಪನಾ ಆಗಲೇ ಜೀಪಿನ ಕಡೆ ಹೊರಟಿದ್ದಳು. “ಗೋರಖನಾಥ, ನೀ ಎಲ್ಲೂ ಹೋಗಬ್ಯಾಡ.”

“ಎಲ್ಲಿಗಿ ಹೋಗ್ಲಿ ಮೇಡಂ? ಗುಂಡಿ ತುಂಬೂದದ ಇನ್ನಾ,” ಅಂದ ಅವನು, ಮೂಗು ಒರೆಸಿಕೊಳ್ಳುತ್ತ. “ಸಿಕ್ಕರ ಅವನಿಗಿ ಹೇಳ್ರಿ, ಈ ಸಲ ನಾನೇ ಕಲಸ್ತೇನಿ ಅಂತ.”

ಇರ್ಫಾನ ಆಗಲೇ ಗುಂಡಿಯ ದಂಡೆಯನ್ನು ಗಟ್ಟಿ ಕಾಂಕ್ರೀಟ್ ಸಿಗುವ ತನಕ ಕತ್ತರಿಸುತ್ತಿದ್ದ. “ಬೆಲ್ಲ ಒಂದ್ ಚೂರೂ ಉಳೀಬಾರ್ದು. ಉಳದ್ರ ಹೊಸಾದೂ ಹಿಡಿಯಲ್ಲ,” ಎಂದು ತನಗೆ ತಾನೇ ಹೇಳಿಕೊಳ್ಳುವುದು ಜೀಪಿನ ತನಕ ಕೇಳಿಸುತ್ತಿತ್ತು.

ಭಾಲ್ಕಿಯ ದಾರಿಯುದ್ದಕ್ಕೂ ಆಬೇದಾ ಮಾತಾಡಿದಳು. ವಾರದಿಂದ ಕಟ್ಟಿಟ್ಟ ಮಾತೆಲ್ಲ ಒಮ್ಮೆಲೇ ಹೊರಬಂದ ಹಾಗಿತ್ತು. ಮಗ ಹುಟ್ಟಿದಾಗಿನ ಮಳೆ, ಅವನಿಗೆ ಸೇರದ ಬದನೆಕಾಯಿ, ಮಗಳು ಶೈಸ್ತಾ ದಿನಾ ಫೋನಿನಲ್ಲಿ ಅತ್ತದ್ದು, ಅಳಿಯ ಖಾಲಿದ ಗಾಡಿ ತೆಗೆದುಕೊಂಡು ಊರೂರು ಹುಡುಕಿದ್ದು.

“ಮಗನಕಿಂತ ಹೆಚ್ಚು ಹುಡುಕ್ಯಾನ ಬೇಟಿ ನನ್ನ ಅಳಿಯ. ಮೂರೂ ಹೊತ್ತು ಕೇಳ್ತಿದ್ದ, ಮುಸ್ತಕೀಮ ಫೋನ್ ಮಾಡಿದ್ನಾ, ಏನಾರ ಹೇಳಿದ್ನಾ ಅಂತ.”

“ಒಳ್ಳೆಯವ್ರು,” ಅಂದಳು ಸಪನಾ.

“ಸಿಕ್ಕ ಕೂಡಲೇ ಎರಡು ಬಾರಸ್ತೇನಿ ಅವನಿಗಿ. ಪೋಲೀಸರ ಮುಂದ ಬಾರಿಸಿದ್ರ ನಡೀತದೇನು?”

“ನಾ ಆ ಕಡೆ ನೋಡ್ತೇನಿ ಖಾಲಾ,” ಅಂದಳು ಸಪನಾ. ಜೀಪು ಓಡಿಸುತ್ತಿದ್ದ ಜಾವೀದ ಈ ಸಲ ತಾನೊಬ್ಬನೇ ನಕ್ಕ.

ಗಾಣ ಕಾಣುವ ಮೊದಲೇ ಅದರ ವಾಸನೆ ಬಂತು. ಕುದಿಯುವ ಕಬ್ಬಿನ ಹಾಲು, ಒಣಸಿಪ್ಪೆಯ ಹೊಗೆ. ಬಿಸಿಲು ಬೆಚ್ಚಗಾಗಿತ್ತು. ಕೊಪ್ಪರಿಗೆಯ ಹತ್ತಿರ ನಿಂತಿದ್ದ ಕಾಶೀರಾಮ ಪೊಲೀಸ್ ಜೀಪು ನೋಡಿ, ಕೈಯ ಹುಟ್ಟನ್ನು ಹಿಡಿದುಕೊಂಡೇ ಎದುರು ಬಂದ.

“ಇಲ್ಲಿ ಯಾರೂ ಇಲ್ರಿ,” ಅಂದ, ಯಾರೂ ಏನೂ ಕೇಳುವ ಮೊದಲೇ.

“ಬರೋಬ್ಬರಿ ಜಾಗಾಕ್ಕ ಬಂದೇವಿ,” ಅಂದ ಜಾವೀದ.

ಆಬೇದಾ ಮಾತ್ರ ಆಗಲೇ ಶೆಡ್ಡಿನ ಬಾಗಿಲಲ್ಲಿ ನಿಂತುಬಿಟ್ಟಿದ್ದಳು. ಇಂಜಿನ್ನಿನ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿದ್ದವು. ಅಲುಗುತ್ತಿರಲಿಲ್ಲ. ಸಪನಾ ದಾಪುಗಾಲಲ್ಲಿ ಬಾಗಿಲಿಗೆ ಬಂದಳು.

ಬಲಗಾಲಿನ ಹೆಬ್ಬೆರಳು ಎದ್ದು ಎಡಪಾದ ಕೆರೆಯಿತು.

“ಪಾನಾ ಕೊಡೋ ಕಾಶೀರಾಮ,” ಅಂದವು ಕಾಲುಗಳು.

ನಟ್ಟು ತಿರುಗಿಸುವ ಪಾನಾ ಬರಲಿಲ್ಲ. ಆಬೇದಾ ಬಗ್ಗಿ ತನ್ನ ಚಪ್ಪಲಿ ತೆಗೆದು ಆ ಅಂಗಾಲಿಗೆ ಚಟೀರ್ ಎಂದು ಬಾರಿಸಿದಳು.

ಮುಸ್ತಕೀಮ ತಲೆ ಬಡಿಸಿಕೊಂಡು ಹೊರಗೆ ಬಂದ. ತಾಯಿಯನ್ನು ನೋಡಿದ. ಖಾಕಿ ನೋಡಿದ. ಎರಡನೆಯ ಏಟು ಬೀಳಲಿಲ್ಲ. ಚಪ್ಪಲಿ ಕೆಳಗೆ ಬಿದ್ದು, ಆಬೇದಾಳ ಎರಡೂ ಕೈ ಅವನ ಎಣ್ಣೆ ಮೆತ್ತಿದ ತಲೆಯ ಮೇಲಿದ್ದವು. ಯಾವುದೋ ಪದಗಳನ್ನು ಮೆಲ್ಲಗೆ ಹೇಳಿ ಅವನ ಹಣೆಗೆ ಊದಿದಳು. ಸಪನಾಳಿಗೆ ಆ ಪದಗಳು ಗೊತ್ತಿರಲಿಲ್ಲ. ಅವುಗಳ ಏರಿಳಿತ ಮಾತ್ರ ತನ್ನ ಮನೆಯ ಸಂಜೆಯದೇ ಅನಿಸಿತು. ಅವಳು, ಹೇಳಿದ ಹಾಗೆ, ಆ ಕಡೆ ನೋಡುತ್ತ ನಿಂತಳು.

“ನೆಲ ಒಡದ್ರಾ?” ಅಂದ ಮುಸ್ತಕೀಮ ಕೊನೆಗೆ.

“ಒಡಿಯೂದೇನು ಬಂತು? ಬೆರಳಿಗೇ ಎದ್ದು ಬಂತು,” ಅಂದಳು ಸಪನಾ.

“ಬೆಲ್ಲ ಹಾಕಿದ್ದೆನಲ್ರಿ!”

ಆಬೇದಾ ನಕ್ಕಳು. ಕಾಶೀರಾಮನೂ ನಕ್ಕ. ಮುಸ್ತಕೀಮ ಇಬ್ಬರನ್ನೂ ನೋಡಿ ತಲೆ ತಗ್ಗಿಸಿದ.

“ಮುಸ್ತಕೀಮ, ಒಂದ್ ವಾರ ನಿನ್ನ ದೋಸ್ತ್ ನಿನ್ನ ಕೊಂದಾನ ಅಂತ ನಾವೆಲ್ಲ ತಿಳಕೊಂಡಿದ್ವಿ.”

“ಗೋರ್ಯಾ?” ಅವನು ಬೆಚ್ಚಿದ. “ಅಂವ ಇರುವಿ ಕೊಲ್ಲಲ್ರಿ! ಅವನಿಗಿ ಏನೂ ಗೊತ್ತಿಲ್ಲ. ಅಂವ ಊರಾಗಿಲ್ಲದಾಗ ಬಂದಿತ್ತು ಆ ಗಾಡಿ. ಲೈಟ್ ಬದ್ಲಿ ಮಾಡಿ ಕೊಟ್ಟೆ. ಕಲ್ಲಿಗಿ ಬಡೀತು ಅಂದ್ರು, ನಂಬಿದೆ. ಆಮ್ಯಾಲ ಔರಾದ ರೋಡಿನ ಸುದ್ದಿ ಬಂತು...”

ಅವನ ದನಿ ಇಳಿಯಿತು. “ಮೇಡಂ, ಆಕಿ... ಆ ಹೆಣ್ಮಗಳು...”

“ಶಾಲುಬಾಯಿ. ಇದ್ದಾಳ. ಕಾಲ ಮುರದದ, ನಾಲಿಗಿ ಮುರದಿಲ್ಲ.”

ಮುಸ್ತಕೀಮ ಅಲ್ಲೇ ಕಬ್ಬಿನ ಸಿಪ್ಪೆಯ ಮೇಲೆ ಕುಸಿದು ಕೂತ. ಎರಡೂ ಅಂಗೈಯಲ್ಲಿ ಮುಖ ಮುಚ್ಚಿ ಉಸಿರು ಬಿಟ್ಟ. ಅವನು ಈ ವಾರವೆಲ್ಲ ಆ ಉಸಿರನ್ನು ಹಿಡಿದೇ ಇದ್ದನೇನೋ.

“ಸತ್ತಾಳ ಅಂದಿದ್ರು ನನಗ. ‘ಸತ್ತಾಕಿ ತಿರುಗಿ ಬರಲ್ಲ, ಆ ಲೈಟು ಒಗದುಬಿಡು’ ಅಂದ್ರು. ಒಗೀಲಾಕ ಮನಸ್ಸು ಬರ್ಲಿಲ್ರಿ. ನಿಮಗ ತಂದು ಕೊಡ್ಲಾಕ ಧೈರ್ಯ ಬರ್ಲಿಲ್ಲ. ಪತ್ರಾದ ಕೆಳಗ ಆ ಗುಂಡಿಯಾಗ ಇಟ್ಟಿದ್ದೆ, ಗೋರ್ಯಾ ನೆಲಕ್ಕ ಕೈ ಹಚ್ಚೇ ಹಚ್ತೇನಿ ಅಂದಮ್ಯಾಲ ಅಲ್ಲೇ ಹುಗದೆ. ಮನಿಯಾಗಿದ್ರ ಅಮ್ಮಿ ಮುಖ ನೋಡ್ಬೇಕಾಗ್ತದ ಅಂತ ಇಲ್ಲಿ ಬಂದು ಕುಂತೆ.”

“ಯಾರು ಅಂದ್ರು? ಯಾರ ಗಾಡಿ?”

ಅವನು ತಲೆ ಎತ್ತಿದ. ಸಪನಾಳನ್ನು ನೋಡಲಿಲ್ಲ. ತಾಯಿಯನ್ನು ನೋಡಿದ. ನೋಡಿ, ತಕ್ಷಣ ಕಣ್ಣು ತೆಗೆದ.

“ಹೇಳು ಬೇಟಾ,” ಅಂದಳು ಆಬೇದಾ. ಅವಳ ಮುಖದಲ್ಲಿ ಇನ್ನೂ ನಗು ಉಳಿದಿತ್ತು. “ಆಕಿ ಜೀವಂತ ಅದಾಳಲ್ಲ. ಈಗ್ಯಾಕ ಅಂಜಕಿ? ಹೇಳು.”

“ಹೇಳ್ತೇನ್ರಿ ಮೇಡಂ. ಖರೇ ಹೇಳ್ತೇನಿ.” ಅವನು ನೆಲಕ್ಕೆ ಹೇಳಿದ. “ಅಮ್ಮಿ ಹೊರಗ ಹೋಗ್ಲಿ.”

ಕಾಶೀರಾಮ ಹುಟ್ಟು ಹಿಡಿದು ಕೊಪ್ಪರಿಗೆಯ ಕಡೆ ಹೊರಟ.

ಸಪನಾಳ ಕಣ್ಣಿಗೆ ಬೆಳಗಿನ ಮಂಜು ಕಟ್ಟಿತು. ಮಂಜಿನೊಳಗಿಂದ ಬಂದ ಬಿಳಿ ಪಿಕಪ್ಪು. ಮಬ್ಬು ಹಳದಿಯ ಹಳೆಯ ಲೈಟು ಒಂದು, ಹೊಚ್ಚ ಹೊಸ ತಿಳಿ ಲೈಟು ಒಂದು. ಕೆಳಗಿಳಿಯದ ಖಾಲಿದ. ಮೂರೂ ಹೊತ್ತು ಅವನು ಕೇಳುತ್ತಿದ್ದ ಪ್ರಶ್ನೆ, ‘ಏನಾರ ಹೇಳಿದ್ನಾ?’ ಬೆಳಿಗ್ಗೆ ಅವನು ಬೇಡಿಕೊಂಡು ಹೋದದ್ದೂ ಅದೇ, ಏನಾದರೂ ಗೊತ್ತಾದರೆ ಫೋನ್ ಮಾಡಿ ಎಂದು.

ಅವಳು ಆಬೇದಾಳ ಪಕ್ಕಕ್ಕೆ ಹೋಗಿ ಬಗ್ಗಿದಳು. ಬೆಳಿಗ್ಗೆ ಗ್ಯಾರೇಜಿನಲ್ಲಿ ಹೇಳಿದ ಅದೇ ಮಾತನ್ನು, ಅದಕ್ಕಿಂತ ಮೆತ್ತಗೆ ಕೇಳಿದಳು.

“ಖಾಲಾ, ಒಂದ್ ಸ್ವಲ್ಪ ಹೊರಗ ಕೂಡ್ತೀರೇನು?”

ಆಬೇದಾ ಮಗನನ್ನು ನೋಡಿದಳು. ಸಪನಾಳನ್ನು ನೋಡಿದಳು. ನಗು ಮುಖದಿಂದ ಮೆಲ್ಲಗೆ ಇಳಿಯಿತು. ಆಮೇಲೆ ಜಪಮಣಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡು, ಮಗನ ಎದುರಿಗೇ, ಆ ಕಬ್ಬಿನ ಸಿಪ್ಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

“ಇಲ್ಲ,” ಅಂದಳು. “ಮುಂಜಾನಿ ಹೋಗು ಅಂದಿ, ಹೋಗಿ ಕುಂತೆ. ಈಗ ನಾ ಏಳೂದಿಲ್ಲ.”